ಎರವಲು ಚಿತ್ರದ ಋಣ

ಕಳೆದ ವರ್ಷ ನಮ್ಮ ಕಾಲೇಜಿನಲ್ಲಿ ಭಿತ್ತಿಚಿತ್ರಗಳ ಸ್ಪರ್ಧೆಯೊಂದು ನಡೆಯಿತು. ವಿಷಯ, ನೀರಿನ ಮಿತವ್ಯಯ. ಕನ್ನಡದ ಅಧ್ಯಾಪಕನಾದ ನನ್ನನ್ನು ತೀರ್ಪುಗಾರನನ್ನಾಗಿ ಏಕೆ ಕರೆದರೋ ತಿಳಿಯದು; ಘೋಷಣೆಗಳಲ್ಲಿ ಕಾಗುಣಿತದ ತಪ್ಪು ಹಿಡಿಯಲೆಂದು ಇರಬಹುದು. ಮೊದಲ ಬಹುಮಾನವನ್ನು ಒಬ್ಬ ಹುಡುಗನ ಸ್ಟೆನ್ಸಿಲ್ ಚಿತ್ರಕ್ಕೆ ಕೊಟ್ಟೆವು. ಬರಿಯ ಕೊಡದ ಪಕ್ಕದಲ್ಲಿ ಕುಳಿತ ಒಬ್ಬ ಮುದುಕಿಯ ಮುಖ. ಕಪ್ಪು ನೀಲಿ ಎರಡೇ ಬಣ್ಣ. ಕೆಳಗೆ ‘ಸರದಿ’ ಎಂಬ ಒಂದೇ ಪದ. ಅದರ ಮುಂದೆ ಬಂದವರು ಆಡುತ್ತಿದ್ದ ಮಾತನ್ನು ನಿಲ್ಲಿಸುತ್ತಿದ್ದರು.

ಬಹುಮಾನ ಕೊಡುವಾಗ, “ಈ ಅಜ್ಜಿ ಯಾರಪ್ಪ?” ಎಂದು ಕೇಳಿದೆ. “ಗೊತ್ತಿಲ್ಲ ಸಾರ್, ಫೋನಿನಲ್ಲಿ ಹುಡುಕಿದಾಗ ಸಿಕ್ಕಿತು” ಎಂದ. ಫೋಟೋ ತೆಗೆದವರು ಯಾರು? ಅದೂ ಗೊತ್ತಿಲ್ಲ. ಹುಡುಗನ ಮುಖದಲ್ಲಿ ಕಳ್ಳತನದ ನೆರಳು ಕೂಡ ಇರಲಿಲ್ಲ. ಅಂದಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಸ್ಟೆನ್ಸಿಲ್ ನಮಗೆ ಹೊಸದೇನೂ ಅಲ್ಲ. ತೂತು ಕೊರೆದ ತಗಡಿನಲ್ಲಿ ರಂಗೋಲಿಪುಡಿ ತುಂಬಿ ಹೊಸ್ತಿಲ ಮುಂದೆ ತಾವರೆ ಮೂಡಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಆ ತಾವರೆಯನ್ನು ಮೊದಲು ಬರೆದವರು ಯಾರೆಂದು ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದೂ ಇಲ್ಲ. ಅದು ಎಲ್ಲರ ಸೊತ್ತು. ಆದರೆ ಫೋಟೋ ಒಂದನ್ನು ಸ್ಟೆನ್ಸಿಲ್ ಮಾಡುವುದು ಬೇರೆಯ ಕೆಲಸ. ನಡುಬಣ್ಣಗಳನ್ನೆಲ್ಲ ಅಳಿಸಿ, ನೆರಳು ಬೆಳಕು ಎರಡನ್ನೇ ಉಳಿಸಿ, ನೆರಳಿನ ಭಾಗವನ್ನು ಚಾಕುವಿನಿಂದ ಕೊರೆದು ತೆಗೆಯಬೇಕು. ಕಣ್ಣಿನ ಬೆಳಕಿನ ಚುಕ್ಕೆ ಕಳಚಿ ಬೀಳದಂತೆ ಹಾಳೆಯ ಸಣ್ಣ ಎಳೆಯೊಂದನ್ನು ಸೇತುವೆಯಾಗಿ ಬಿಡಬೇಕು. ಏನನ್ನು ಕಳೆಯಬೇಕು, ಏನನ್ನು ಉಳಿಸಬೇಕು ಎಂಬ ವಿವೇಕವೇ ಇಲ್ಲಿನ ಕಲೆ. ಸಂದೇಶ ಗಟ್ಟಿಯಾಗುವುದು ಹೀಗೆ ಕಳೆಯುವುದರಿಂದಲೇ. ಅಪಾಯವೂ ಅಲ್ಲಿಯೇ ಇದೆ. ಕಳೆದುಹೋಗುವುದರಲ್ಲಿ ಆ ಮನುಷ್ಯನ ಹೆಸರೂ ಊರೂ, ಫೋಟೋ ತೆಗೆದವನ ಹೆಸರೂ ಸೇರಿರುತ್ತವೆ.

ಎರವಲು ತರುವುದೇ ತಪ್ಪೆಂದರೆ ಕನ್ನಡ ಸಾಹಿತ್ಯದಲ್ಲಿ ಉಳಿಯುವುದು ಸ್ವಲ್ಪವೇ. ಪಂಪ ವ್ಯಾಸರ ಕಥೆಯನ್ನು ತಂದು ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನು ಕಂಡ; ಆದರೆ ಕಾವ್ಯದ ಆರಂಭದಲ್ಲಿಯೇ ವ್ಯಾಸರಿಗೆ ತಲೆಬಾಗಿದ. ಗದುಗಿನ ನಾರಣಪ್ಪ ಕುಮಾರವ್ಯಾಸನೆಂದು ಹೆಸರಾದ. ಋಣ ಅಲ್ಲಿ ಹೆಸರೇ ಆಯಿತು. ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ತಮ್ಮ ಪುಸ್ತಕಕ್ಕೆ ‘ಇಂಗ್ಲಿಷ್ ಗೀತಗಳು’ ಎಂದೇ ಹೆಸರಿಟ್ಟರು. ಓದುಗನಿಗೆ ಮೂಲ ಯಾವುದೆಂದು ತಿಳಿದರೆ ತಮ್ಮ ಕೃತಿ ಸಣ್ಣದಾದೀತೆಂಬ ಭಯ ಇವರಿಗೆ ಇರಲಿಲ್ಲ.

ಈ ಭಯದಿಂದ ಕೆಟ್ಟ ಒಂದು ದೊಡ್ಡ ಉದಾಹರಣೆ ಅಮೆರಿಕದಲ್ಲಿದೆ. 2008ರ ಚುನಾವಣೆಯಲ್ಲಿ ಬರಾಕ್ ಒಬಾಮಾ ಅವರ ಮುಖವನ್ನು ಕೆಂಪು, ನೀಲಿ, ತಿಳಿಹಳದಿಗಳಲ್ಲಿ ತೋರಿಸಿ, ಕೆಳಗೆ ‘ಹೋಪ್’ ಎಂಬ ಒಂದೇ ಪದ ಬರೆದ ಭಿತ್ತಿಪತ್ರವನ್ನು ನಮ್ಮಲ್ಲಿಯೂ ಅನೇಕರು ನೋಡಿದ್ದಾರೆ. ಚಿತ್ರಕಾರ ಶೆಪರ್ಡ್ ಫೇರಿ. ಕೊಲಾಜ್, ಸ್ಟೆನ್ಸಿಲ್, ಅಕ್ರಿಲಿಕ್ ಬಣ್ಣಗಳಿಂದ ಆತ ಮಾಡಿದ ಪ್ರತಿಯೊಂದು ವಾಷಿಂಗ್ಟನ್ನಿನ ರಾಷ್ಟ್ರೀಯ ಭಾವಚಿತ್ರಶಾಲೆಯನ್ನು ಸೇರಿತು. ಮೂಲ, ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಗಾಗಿ ಮ್ಯಾನಿ ಗಾರ್ಸಿಯಾ 2006ರ ಏಪ್ರಿಲ್‌ನಲ್ಲಿ ತೆಗೆದ ಫೋಟೋ. ಡಾರ್ಫುರ್ ಕುರಿತ ಒಂದು ಪತ್ರಿಕಾಗೋಷ್ಠಿಯಲ್ಲಿ ಒಬಾಮಾ ತಲೆಯನ್ನು ತುಸು ಎತ್ತಿ ಕುಳಿತಿದ್ದರು, ಅಷ್ಟೆ. ಫೇರಿಯ ಚಾಕು ಸಭೆಯನ್ನು ಕತ್ತರಿಸಿ ಎಸೆದ ಮೇಲೆ ಅದೇ ನೋಟ ಒಂದು ದೇಶದ ನಾಳೆಯನ್ನು ನೋಡುವ ನೋಟವಾಯಿತು. ಇದು ಸಾಮಾನ್ಯ ಸಾಧನೆಯಲ್ಲ. ತನ್ನ ಫೋಟೋವೇ ಹೀಗಾಗಿದೆಯೆಂದು ಗಾರ್ಸಿಯಾ ಅವರಿಗೇ ಬಹುಕಾಲ ಹೊಳೆಯಲಿಲ್ಲವೆಂದ ಮೇಲೆ, ಚಿತ್ರಕಾರ ಅಲ್ಲಿ ಹೊಸದನ್ನು ಮಾಡಿದ್ದನೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆದರೆ 2009ರಲ್ಲಿ ಸುದ್ದಿಸಂಸ್ಥೆ ತನ್ನ ಹಕ್ಕನ್ನು ಕೇಳಿ ವ್ಯಾಜ್ಯ ಹುಟ್ಟಿದಾಗ ಫೇರಿ ಸುಳ್ಳು ಹೇಳಿದ. ನಟ ಜಾರ್ಜ್ ಕ್ಲೂನಿಯೂ ಇದ್ದ ಬೇರೊಂದು ಫೋಟೋದಿಂದ ಮುಖವನ್ನು ಬಿಡಿಸಿಕೊಂಡೆನೆಂದ; ತನ್ನ ಕೈಚಳಕ ಹೆಚ್ಚೆಂದು ತೋರಿಸಲು ಕಡತಗಳನ್ನು ಅಳಿಸಿದ, ಹೊಸವನ್ನು ಸೃಷ್ಟಿಸಿದ. ಅದೇ ವರ್ಷ ಸತ್ಯವನ್ನು ಒಪ್ಪಿಕೊಳ್ಳಬೇಕಾಯಿತು. 2011ರಲ್ಲಿ ರಾಜಿಯಾಯಿತು. 2012ರಲ್ಲಿ ಸಾಕ್ಷ್ಯ ತಿದ್ದಿದ ತಪ್ಪಿಗಾಗಿ 25,000 ಡಾಲರ್ ದಂಡ, 300 ಗಂಟೆಗಳ ಸಮಾಜಸೇವೆ, ಎರಡು ವರ್ಷಗಳ ಪರಿವೀಕ್ಷಣೆ. ಇಂಥ ಎರವಲು ನ್ಯಾಯವೇ ಅಲ್ಲವೇ ಎಂಬ ಮುಖ್ಯ ಪ್ರಶ್ನೆಗೆ ನ್ಯಾಯಾಲಯದ ಉತ್ತರ ಸಿಗಲೇ ಇಲ್ಲ. ಗೆಲ್ಲಬಹುದಾಗಿದ್ದ ವಾದವನ್ನು ಆತ ತಾನೇ ಕೆಡಿಸಿಕೊಂಡ. ಅಂಥ ಪದವನ್ನು ಬರೆದ ಕೈ ಋಣವನ್ನು ಬಚ್ಚಿಟ್ಟಿತೆಂಬುದನ್ನು ತಿಳಿದ ಮೇಲೆ ನನಗೆ ಆ ಚಿತ್ರವನ್ನು ಮೊದಲಿನಂತೆ ನೋಡುವುದು ಸಾಧ್ಯವಾಗಿಲ್ಲ.

ಇಂಥದೇ ಇನ್ನೊಂದು ವ್ಯಾಜ್ಯ 2023ರ ಮೇ 18ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರಿತು. ಗಾಯಕ ಪ್ರಿನ್ಸ್ ಅವರ ಫೋಟೋವನ್ನು ಲಿನ್ ಗೋಲ್ಡ್‌ಸ್ಮಿತ್ 1981ರಲ್ಲಿ ತೆಗೆದಿದ್ದರು. 1984ರಲ್ಲಿ ಪತ್ರಿಕೆಯೊಂದು ಆಕೆಗೆ 400 ಡಾಲರ್ ಕೊಟ್ಟು, ಒಂದು ಬಾರಿಗೆಂದು ಒಪ್ಪಿಗೆ ಪಡೆದು, ಆಂಡಿ ವಾರ್‌ಹಾಲ್ ಅವರಿಂದ ಚಿತ್ರ ಮಾಡಿಸಿತು. ವಾರ್‌ಹಾಲ್ ಅದೇ ಮುಖದಿಂದ ಇನ್ನೂ ಹಲವನ್ನು ಮಾಡಿದರು. ಅವರ ಸಿಲ್ಕ್‌ಸ್ಕ್ರೀನ್ ಸ್ಟೆನ್ಸಿಲ್‌ಗೆ ದಾಯಾದಿಯೇ. ಪ್ರಿನ್ಸ್ ತೀರಿಕೊಂಡ 2016ರಲ್ಲಿ ಅವುಗಳಲ್ಲಿ ಒಂದು ಅಚ್ಚಾದಾಗ ವಾರ್‌ಹಾಲ್ ಪ್ರತಿಷ್ಠಾನಕ್ಕೆ 10,000 ಡಾಲರ್ ಬಂದಿತು. ಗೋಲ್ಡ್‌ಸ್ಮಿತ್ ಅವರಿಗೆ ಹಣವೂ ಇಲ್ಲ, ಹೆಸರೂ ಇಲ್ಲ. ಏಳು ನ್ಯಾಯಾಧೀಶರು ಆಕೆಯ ಪರ ನಿಂತರು. ಉಳಿದ ಇಬ್ಬರು, ಹೀಗಾದರೆ ಕಲೆಯ ಉಸಿರು ಕಟ್ಟೀತೆಂದು ಕಳವಳಪಟ್ಟರು. ಆ ಕಳವಳವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ 1984ರಲ್ಲಿ ಸಾಧ್ಯವಾಗಿದ್ದ ಮರ್ಯಾದೆ 2016ರಲ್ಲಿ ಏಕೆ ಅಸಾಧ್ಯವಾಯಿತು?

ಮರ್ಯಾದೆ ಎಂದರೆ ಹಣವೇ ಎಂದಲ್ಲ. ಕ್ಯೂಬಾದ ಆಲ್ಬರ್ಟೊ ಕೊರ್ಡಾ 1960ರ ಮಾರ್ಚ್ 5ರಂದು ತೆಗೆದ ಚೆ ಗೆವಾರಾ ಫೋಟೋ ಜಗತ್ತಿನ ಗೋಡೆಗೋಡೆಯ ಮೇಲೆ ಸ್ಟೆನ್ಸಿಲ್ ಆಗಿ ಮೂಡಿತು. ಕೊರ್ಡಾ ಅದಕ್ಕೆ ಕಾಸು ಕೇಳಲಿಲ್ಲ. ಚೆಯ ಆದರ್ಶವನ್ನು ಹರಡುವವರ ಬಗ್ಗೆ ಅವರಿಗೆ ತಕರಾರಿರಲಿಲ್ಲ. 2000ದಲ್ಲಿ ಒಂದು ವೋಡ್ಕಾ ಜಾಹೀರಾತು ಆ ಮುಖವನ್ನು ಬಳಸಿದಾಗ ಮಾತ್ರ ಅವರು ನ್ಯಾಯಾಲಯಕ್ಕೆ ಹೋದರು. ರಾಜಿಯಲ್ಲಿ ಬಂದ ಹಣವನ್ನು ಕ್ಯೂಬಾದ ಮಕ್ಕಳ ಔಷಧಿಗೆ ಕೊಟ್ಟರು. ಸಂದೇಶವು ಮುಖಕ್ಕೆ ದ್ರೋಹ ಮಾಡಬಾರದೆಂಬುದಷ್ಟೇ ಅವರ ಬೇಡಿಕೆ.

ಇಷ್ಟೆಲ್ಲ ನೋಡಿದ ಮೇಲೂ ಆ ಅಜ್ಜಿಯ ಲೆಕ್ಕ ತೀರಲಿಲ್ಲ. ನಮ್ಮ 1957ರ ಕೃತಿಸ್ವಾಮ್ಯದ ಕಾಯಿದೆ ಫೋಟೋ ತೆಗೆದವನಿಗೆ ‘ಇದು ನನ್ನದು’ ಎನ್ನುವ ಹಕ್ಕನ್ನು ಕೊಡುತ್ತದೆ. ಫೋಟೋದಲ್ಲಿರುವವಳ ಪರವಾಗಿ ಅದು ಮಾತನಾಡುವುದಿಲ್ಲ. ಒಬಾಮಾ, ಪ್ರಿನ್ಸ್, ಚೆ ಹೆಸರಾಂತರು. ಎಷ್ಟು ಕೊರೆದರೂ ಅವರ ಹೆಸರು ಮುಖಕ್ಕೆ ಅಂಟಿಕೊಂಡೇ ಇರುತ್ತದೆ. ಆಕೆಯ ವಿಷಯ ಹಾಗಲ್ಲ. ಆಕೆ ನೀರಿಗಾಗಿಯೇ ಕುಳಿತಿದ್ದಳೋ, ಜಾತ್ರೆಯಲ್ಲಿ ಮೊಮ್ಮಗನಿಗೆ ಕಾಯುತ್ತಿದ್ದಳೋ, ಯಾರು ಬಲ್ಲರು? ಬಡತನದ ಗುರುತಾಗಿ ನಿಲ್ಲಲು ಆಕೆ ಒಪ್ಪಿದ್ದಳೆ?

ಇದನ್ನೆಲ್ಲ ಹುಡುಗನೊಡನೆ ಮಾತನಾಡಿದೆ. ತಪ್ಪಿನಲ್ಲಿ ನನಗೂ ಪಾಲಿದೆಯೆಂದು ಒಪ್ಪಿಕೊಂಡೆ. ಬಹುಮಾನ ಕೊಡುವ ಮೊದಲು ಕೇಳಬೇಕಾದದ್ದನ್ನು ಕೊಟ್ಟಮೇಲೆ ಕೇಳಿದವನು ನಾನು. ಅವನು ತಿಂಗಳೊಂದರ ಮೇಲೆ ಮತ್ತೊಂದು ಸ್ಟೆನ್ಸಿಲ್ ತಂದ. ತನ್ನ ಬೀದಿಯ ನಲ್ಲಿಯ ಬಳಿ ಪ್ರತಿದಿನ ನಿಲ್ಲುವ ಹೆಂಗಸೊಬ್ಬಳನ್ನು ಕೇಳಿ, ತಾನೇ ಫೋಟೋ ತೆಗೆದು, ಕೊರೆದ ಹಾಳೆಯನ್ನು ಮೊದಲು ಆಕೆಗೆ ತೋರಿಸಿ ಮಾಡಿದ್ದು. ಆಕೆ ತನ್ನ ಮೂಗುತಿ ಬಿಟ್ಟುಹೋಗಿದೆಯೆಂದು ಆಕ್ಷೇಪಿಸಿದಳಂತೆ. ಅವನು ಹೊಸ ಹಾಳೆ ಕೊರೆದ.

ವಿಮರ್ಶಕನಾಗಿ ನಿಜ ಹೇಳಬೇಕು: ಎರಡನೆಯ ಚಿತ್ರ ಮೊದಲಿನಷ್ಟು ಗಟ್ಟಿಯಾಗಿಲ್ಲ. ಗೆರೆಗಳು ತಡವರಿಸಿವೆ, ಮುಖದಲ್ಲಿ ಆ ದುಃಖವಿಲ್ಲ. ಆಕೆ ತುಸು ನಕ್ಕಂತೆಯೂ ಇದೆ. ಮಾತು ನಿಲ್ಲಿಸುವ ಶಕ್ತಿ ಇದಕ್ಕಿಲ್ಲ. ಆದರೆ ನಮ್ಮ ವಿಭಾಗದ ಗೋಡೆಯ ಮೇಲೆ ಈಗ ಇರುವುದು ಇದೇ. ನೋಡಿದವರು ಯಾರೆಂದು ಕೇಳುತ್ತಾರೆ, ಹುಡುಗ ಆಕೆಯ ಹೆಸರು ಹೇಳುತ್ತಾನೆ.