ಕಟ್ಟಡಕ್ಕೆ ದಾನಿ, ಹಾಸಿಗೆಗೆ ಯಾರು?

ಸೂರತ್ತಿನಲ್ಲಿ ಬಡವರಿಗೆಂದು ದೊಡ್ಡ ಆಸ್ಪತ್ರೆ ಏಳುವುದಕ್ಕೆ ಎಷ್ಟೋ ಮೊದಲೇ ಮುದಿ ಎತ್ತು, ಕುಂಟು ಕುದುರೆ, ರೆಕ್ಕೆ ಮುರಿದ ಹಕ್ಕಿಗಳಿಗೆ ಒಂದು ಆಸರೆ ಇತ್ತು. ಪಾಂಜರಾಪೋಳ ಎಂದು ಅದರ ಹೆಸರು. 17ನೇ ಶತಮಾನದ ಕೊನೆಯಲ್ಲಿ ಅಲ್ಲಿಗೆ ಬಂದ ಇಂಗ್ಲಿಷ್ ಪಾದ್ರಿ ಜಾನ್ ಓವಿಂಗ್ಟನ್ ಅದರ ಬಗ್ಗೆ ಬೆರಗಿನಿಂದ ಬರೆದ. ಮುಂದಿನ ಶತಮಾನದಲ್ಲಿ ಅದನ್ನು ಕಂಡ ಜೇಮ್ಸ್ ಫೋರ್ಬ್ಸ್ ಕೂಡ ಬರೆದ. ಮೂಕಪ್ರಾಣಿಗಳಿಗೆ ಆಸ್ಪತ್ರೆ ಕಟ್ಟಿದ ಊರು ಮನುಷ್ಯರಿಗೆ ಯಾಕೆ ಕಟ್ಟಲಿಲ್ಲ ಎಂಬ ಕುಹಕ ಆಮೇಲೆ ಬಹಳ ಜನರ ಬಾಯಲ್ಲಿ ಬಂತು. ಕುಹಕವಾಡಿದವರು ಗಮನಿಸದೆ ಹೋದದ್ದು ಆ ಆಸರೆ ವರ್ಷಾನುಗಟ್ಟಲೆ ನಡೆದದ್ದು ಹೇಗೆ ಎಂಬುದನ್ನು. ಊರಿನ ವರ್ತಕರ ಕೂಟವಾದ ಮಹಾಜನ ತನ್ನ ವ್ಯಾಪಾರದ ಮೇಲೆ ತಾನೇ ಒಂದು ಸಣ್ಣ ತೆರಿಗೆ ಹಾಕಿಕೊಳ್ಳುತ್ತಿತ್ತು. ಅದಕ್ಕೆ ‘ಲಾಗಾ’ ಎನ್ನುತ್ತಿದ್ದರು. ಸರಕು ಮಾರಾಟವಾದಾಗಲೆಲ್ಲ ಒಂದಿಷ್ಟು ಕಾಸು ಪಾಂಜರಾಪೋಳಕ್ಕೆ ಸೇರುತ್ತಿತ್ತು. ಯಾರೋ ಒಬ್ಬ ಶೇಠ್ ಕಣ್ಣುಮುಚ್ಚಿದರೆ ಎತ್ತಿಗೆ ಹುಲ್ಲು ತಪ್ಪುತ್ತಿರಲಿಲ್ಲ.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಅಹಮದಾಬಾದ್, ಸೂರತ್, ವಡೋದರಗಳಲ್ಲಿ ಬಡವರ ಆಸ್ಪತ್ರೆಗಳು ಎದ್ದಾಗ ಈ ಪದ್ಧತಿಯನ್ನು ಯಾರೂ ನೆನೆಯಲಿಲ್ಲ. ಆ ಆಸ್ಪತ್ರೆಗಳ ಆಡಳಿತದ ಮೇಲೆ ನನ್ನ ಮುಖ್ಯ ಆಕ್ಷೇಪ ಇದೇ. ಗೋಡೆ ಕಟ್ಟಲು ದಾನಿ ಸಿಕ್ಕ, ಮೇಲ್ವಿಚಾರಣೆಗೆ ಸರ್ಕಾರಿ ವೈದ್ಯ ಬಂದ, ಹೆಸರಿಡಲು ರಾಣಿಯೋ ವೈಸ್‌ರಾಯನ ಹೆಂಡತಿಯೋ ಇದ್ದಳು. ಗಂಜಿ, ಔಷಧಿ, ದಾದಿ, ಹಾಸಿಗೆ ಬಟ್ಟೆಗೆ ಪ್ರತಿವರ್ಷ ಹಣ ಎಲ್ಲಿಂದ, ಆ ಹಣದ ಲೆಕ್ಕ ಯಾರಿಗೆ ಎಂಬ ಪ್ರಶ್ನೆ ಮಾತ್ರ ಅರೆಬರೆಯಾಗಿಯೇ ಉಳಿಯಿತು.

ಅಹಮದಾಬಾದನ್ನೇ ನೋಡಿ. ಅಲ್ಲಿನ ಸಿವಿಲ್ ಆಸ್ಪತ್ರೆ 1841ರಲ್ಲಿ ಸೈನಿಕರಿಗಾಗಿ ಭದ್ರ ಕೋಟೆಯ ಬಳಿ ಶುರುವಾದದ್ದು. 1850ರ ದಶಕದಲ್ಲಿ ಊರಿನ ಜೈನ ಶ್ರೀಮಂತ ಮನೆತನಗಳ ಹಣದಿಂದ ಘೀಕಾಂಟಾ ಬಡಾವಣೆಯಲ್ಲಿ ಹೊಸ ಕಟ್ಟಡ ಎದ್ದಿತು. ಹಠೀಸಿಂಗ್ ಮತ್ತು ಪ್ರೇಮಾಭಾಯಿ ಎಂಬ ಎರಡು ಹೆಸರು ಅದಕ್ಕೆ ಅಂಟಿಕೊಂಡವು. ಹಠೀಸಿಂಗ್ ಕೇಸರಿಸಿಂಗ್ 1845ರಲ್ಲೇ ತೀರಿಕೊಂಡಿದ್ದರು. ಅವರು ಶುರುಮಾಡಿದ್ದ ದೊಡ್ಡ ಜಿನಾಲಯವನ್ನು ನಿಂತು ಮುಗಿಸಿದವರು ಪತ್ನಿ ಹರ್‌ಕುಂವರ್ ಶೇಠಾಣಿ; ಮುಂದೆ ಹೆಣ್ಣುಮಕ್ಕಳ ಶಾಲೆಗೂ ಕೈ ಬಿಚ್ಚಿ ಕೊಟ್ಟರು. 19ನೇ ಶತಮಾನದ ನಡುವಿನಲ್ಲಿ ಒಬ್ಬ ವಿಧವೆ ಊರಿನ ಸಾರ್ವಜನಿಕ ಬದುಕಿನಲ್ಲಿ ಇಷ್ಟು ದೊಡ್ಡದಾಗಿ ಕಾಣಿಸಿಕೊಂಡದ್ದು ಸಣ್ಣ ಮಾತಲ್ಲ. ಆದರೆ ಆಸ್ಪತ್ರೆ ಎದ್ದ ಮೇಲೆ ಅದರ ಕೀಲಿಕೈ ದಾನ ಕೊಟ್ಟವರ ಬಳಿ ಉಳಿಯಲಿಲ್ಲ. ಅದು ಸಿವಿಲ್ ಸರ್ಜನ್‌ನ ಕೈಗೆ ಹೋಯಿತು.

ಈ ಸಿವಿಲ್ ಸರ್ಜನ್ ಹುದ್ದೆಯನ್ನು ಅರ್ಥಮಾಡಿಕೊಳ್ಳದೆ ಆ ಕಾಲದ ಆಸ್ಪತ್ರೆ ಅರ್ಥವಾಗುವುದಿಲ್ಲ. ಆತ ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಅಧಿಕಾರಿ, ಮೂಲತಃ ಸೈನ್ಯದ ವೈದ್ಯ. ಜಿಲ್ಲೆಗೆ ಬಂದರೆ ಆಸ್ಪತ್ರೆಯ ಜೊತೆಗೆ ಜೈಲಿನ ಕೈದಿಗಳ ಆರೋಗ್ಯ, ಪೊಲೀಸರ ತಪಾಸಣೆ, ಕೊಲೆ ಕೇಸಿನ ಹೆಣ ಕೊಯ್ಯುವುದು, ಬಿಳಿಯ ಅಧಿಕಾರಿಗಳ ಮನೆಯವರ ಜ್ವರ ನೋಡುವುದು ಎಲ್ಲವೂ ಅವನ ತಲೆಯ ಮೇಲೆ. ಅವನು ಉತ್ತರ ಹೇಳಬೇಕಾದದ್ದು ಬೊಂಬಾಯಿಯಲ್ಲಿ ಕೂತ ಸರ್ಜನ್ ಜನರಲ್‌ಗೆ. ಊರು ಪರಿಚಯವಾಗುವಷ್ಟರಲ್ಲಿ ವರ್ಗ. ಹಾಗಾದರೆ ದಿನದ ಕೆಲಸ ಮಾಡಿದವರು ಯಾರು? ಹಾಸ್ಪಿಟಲ್ ಅಸಿಸ್ಟೆಂಟ್ ಎಂಬ ಕೆಳದರ್ಜೆಯ ದೇಶೀ ವೈದ್ಯರು. ಅವರನ್ನು ತಯಾರು ಮಾಡಲು ಅಹಮದಾಬಾದಿನಲ್ಲಿ 1871ರಲ್ಲಿ 14 ವಿದ್ಯಾರ್ಥಿಗಳೊಂದಿಗೆ ವೈದ್ಯಕೀಯ ಶಾಲೆ ಶುರುವಾಯಿತು. 1879ರಲ್ಲಿ ಪಾರ್ಸಿ ದಾನಿ ಬೈರಾಮ್‌ಜಿ ಜೀಜೀಭಾಯಿ 20,000 ರೂಪಾಯಿ ಕೊಟ್ಟರು, ಶಾಲೆಗೆ ಅವರ ಹೆಸರು ಬಂತು. ಇಂದಿನ ಬಿ.ಜೆ. ಮೆಡಿಕಲ್ ಕಾಲೇಜು ಅದೇ. ನನ್ನ ಲೆಕ್ಕದಲ್ಲಿ ಆ ಇಡೀ ಕಾಲದ ದಾನಗಳಲ್ಲಿ ಹೆಚ್ಚು ಬಾಳಿಕೆ ಬಂದದ್ದು ಇದು. ಕಲ್ಲುಗಾರೆಯ ಬದಲು, ರೋಗಿಯ ಪಕ್ಕ ಕೂತು ಅವನ ಭಾಷೆಯಲ್ಲಿ ಎಲ್ಲಿ ನೋವು ಎಂದು ಕೇಳಬಲ್ಲ ಮನುಷ್ಯನನ್ನು ತಯಾರು ಮಾಡುವ ಕೆಲಸಕ್ಕೆ ಆ ಹಣ ಒದಗಿತು.

ಇಂಗ್ಲೆಂಡಿನ ಜೊತೆ ಇಟ್ಟು ನೋಡಿದರೆ ಗುಜರಾತಿನ ಪದ್ಧತಿಗೆ ಒಂದು ಹೆಚ್ಚುಗಾರಿಕೆ ಕೊಡಲೇಬೇಕು. ಅಲ್ಲಿನ ಧರ್ಮಾಸ್ಪತ್ರೆಗಳಲ್ಲಿ ವರ್ಷಕ್ಕೆ ಇಂತಿಷ್ಟು ಗಿನಿ ಚಂದಾ ಕೊಟ್ಟವನು ಆಸ್ಪತ್ರೆಯ ‘ಗವರ್ನರ್’ ಆಗುತ್ತಿದ್ದ, ಇಂತಿಷ್ಟು ರೋಗಿಗಳಿಗೆ ಶಿಫಾರಸು ಪತ್ರ ಬರೆದುಕೊಡುವ ಹಕ್ಕು ಪಡೆಯುತ್ತಿದ್ದ. ಬಡವ ಮೊದಲು ಚಂದಾದಾರನ ಮನೆಬಾಗಿಲಿಗೆ ಹೋಗಿ ನಿಲ್ಲಬೇಕು, ತಾನು ಸಭ್ಯ, ಕುಡುಕನಲ್ಲ ಎಂದು ನಂಬಿಸಬೇಕು. ಎಷ್ಟೋ ಕಡೆ ಅಂಟುರೋಗದವರು, ಬಸುರಿಯರು, ಗುಣವಾಗದ ಕಾಯಿಲೆಯವರು ನಿಯಮದ ಪ್ರಕಾರವೇ ಹೊರಗೆ. ಗುಣವಾದವನು ಸಮಿತಿಯ ಮುಂದೆ ನಿಂತು ಕೃತಜ್ಞತೆ ಹೇಳಿ ಮನೆಗೆ ಹೋಗಬೇಕು. ಇದನ್ನು ಕಂಡು ಹೇಸಿದ ವಿಲಿಯಂ ಮಾರ್ಸ್‌ಡನ್ 1828ರಲ್ಲಿ ಲಂಡನ್ನಿನಲ್ಲಿ ಶಿಫಾರಸು ಕೇಳದ ಆಸ್ಪತ್ರೆ ತೆರೆದ, ಅದೇ ರಾಯಲ್ ಫ್ರೀ. ಚಂದಾದಾರರು ಬೇಡವೆಂದವರಿಗೆ ಉಳಿದದ್ದು ನಿರ್ಗತಿಕರನ್ನು ಇರಿಸುತ್ತಿದ್ದ ದುಡಿಮೆಮನೆಯ (ವರ್ಕ್‌ಹೌಸ್) ರೋಗಿಕೋಣೆ. ಅಲ್ಲಿನ ಸ್ಥಿತಿಯನ್ನು 1865ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತನಿಖೆ ಬಯಲಿಗೆಳೆಯಿತು, 1867ರಲ್ಲಿ ಲಂಡನ್ನಿಗೆ ಹೊಸ ಕಾನೂನು ಬಂತು. ಅಹಮದಾಬಾದ್, ಸೂರತ್ತಿನ ಸಿವಿಲ್ ಆಸ್ಪತ್ರೆಗಳು ಸರ್ಕಾರದ ಕೈಯಲ್ಲಿದ್ದದ್ದರಿಂದ ಈ ಶಿಫಾರಸು ಪತ್ರದ ಹಂಗು ಇಲ್ಲಿನ ಬಡವನಿಗೆ ಬರಲಿಲ್ಲ. ಆದರೆ ಇಂಗ್ಲೆಂಡಿನಲ್ಲಿ ಕೆಟ್ಟ ಸಮಿತಿಯ ವಿರುದ್ಧ ಪತ್ರಿಕೆ ಬರೆದರೆ ಪಾರ್ಲಿಮೆಂಟಿನವರೆಗೆ ಸದ್ದಾಗುತ್ತಿತ್ತು. ಇಲ್ಲಿ ಕೆಟ್ಟ ಸರ್ಜನ್ ವಿರುದ್ಧ ಅಹವಾಲು ಹೋಗುವುದು ಅವನ ಇಲಾಖೆಗೇ.

ಹಾಗಂತ ಊರಿಗೆ ತನ್ನ ಹಣ ತಾನೇ ಎತ್ತಿ ತಾನೇ ನಡೆಸುವುದು ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. 1830ರ ದಶಕದಲ್ಲಿ ಅಹಮದಾಬಾದಿನ ಕುಸಿದ ಕೋಟೆಗೋಡೆಯನ್ನು ಸರಿಪಡಿಸಲು ಅಧಿಕಾರಿಗಳೂ ಊರ ಪ್ರಮುಖರೂ ಕೂತ ಸಮಿತಿ ರಚನೆಯಾಯಿತು. ತುಪ್ಪ ಮೊದಲಾದ ಸರಕುಗಳ ಮೇಲೆ ಸಣ್ಣ ಸುಂಕ ಹಾಕಿ ಸುಮಾರು ಎರಡೂವರೆ ಲಕ್ಷ ರೂಪಾಯಿ ಖರ್ಚಿನಲ್ಲಿ ಗೋಡೆ ಮುಗಿಸಿದರು, ಆಮೇಲೂ ಉಳಿದ ಹಣವನ್ನು ಊರಿನ ಇತರ ಕೆಲಸಗಳಿಗೆ ಬಳಸಿದರು. ನಗರಸಭೆಯ ಬೀಜ ಅಲ್ಲಿದೆ. ಕಲ್ಲಿನ ಗೋಡೆಗೆ ತುಪ್ಪದ ಮೇಲೆ ಸುಂಕ ಸಾಧ್ಯವಾದರೆ, ಜ್ವರ ಬಂದ ಗಿರಣಿ ಕೂಲಿಗೆ ಬಟ್ಟೆಯ ಥಾನಿನ ಮೇಲೆ ಯಾಕೆ ಸಾಧ್ಯವಾಗಲಿಲ್ಲ? 1861ರಿಂದ ಊರಿನಲ್ಲಿ ಗಿರಣಿಗಳು ಓಡುತ್ತಿದ್ದವು. ಮೊದಲ ಗಿರಣಿ ಕಟ್ಟಿದ ರಣಛೋಡಲಾಲ್ ಛೋಟಾಲಾಲ್ ಅವರೇ 1885ರಲ್ಲಿ ನಗರಸಭೆಯ ಅಧ್ಯಕ್ಷರಾದರು. ಜನರ ಬೈಗುಳ ತಿಂದು ನಲ್ಲಿನೀರು, ಚರಂಡಿ ತಂದರು, ಅವರ ಕೆಲಸವನ್ನು ಫ್ಲಾರೆನ್ಸ್ ನೈಟಿಂಗೇಲ್ ಲಂಡನ್ನಿನಿಂದ ಆಸಕ್ತಿಯಿಂದ ಗಮನಿಸುತ್ತಿದ್ದರು. ನೀರಿಗೆ ಊರೆಲ್ಲ ತೆರಿಗೆ ಕೊಡಬೇಕು ಎಂದು ಹಟ ಹಿಡಿದ ಈ ಮನುಷ್ಯ ಹೆಂಗಸರ ಆಸ್ಪತ್ರೆಯ ವಿಷಯಕ್ಕೆ ಬಂದಾಗ ತಮ್ಮ ಜೇಬಿನಿಂದ ದಾನ ಕೊಟ್ಟರು, ವಿಕ್ಟೋರಿಯಾ ಜ್ಯೂಬಿಲಿ ಎಂದು ಹೆಸರಿಟ್ಟರು. ದೊಡ್ಡ ಮನಸ್ಸು, ಅದರಲ್ಲಿ ಅನುಮಾನವಿಲ್ಲ. ಆದರೂ ನೀರು ಹಕ್ಕಾಯಿತು, ಔಷಧಿ ಧರ್ಮವಾಗಿಯೇ ಉಳಿಯಿತು.

ಸೂರತ್ತಿನಲ್ಲೂ ಇದೇ ದಾರಿ. ಅಲ್ಲಿನ ಆಸ್ಪತ್ರೆಗೆ ಹಣ ಕೊಟ್ಟವರು ಬೊಂಬಾಯಿಯ ಪಾರ್ಸಿ ಸಾಹುಕಾರ ಕಾವಸ್‌ಜಿ ಜಹಾಂಗೀರ್ ರೆಡಿಮನಿ. ಇತಿಹಾಸಕಾರ ಡಗ್ಲಸ್ ಹೇನ್ಸ್ ಸೂರತ್ತಿನ ದಾನಗಳನ್ನೇ ಹಿಡಿದು ಅಧ್ಯಯನ ಮಾಡಿದ್ದಾರೆ. ಗುಡಿ, ಪಾಂಜರಾಪೋಳಗಳಿಗೆ ಹೋಗುತ್ತಿದ್ದ ವರ್ತಕರ ಹಣದ ಒಂದು ಪಾಲು ಶಾಲೆ, ಆಸ್ಪತ್ರೆಗಳತ್ತ ಹರಿದದ್ದರಲ್ಲಿ ಆಳುವವರ ಮೆಚ್ಚುಗೆ ಗಳಿಸುವ ಉದ್ದೇಶವೂ ಇತ್ತು ಎಂದು ಅವರು ತೋರಿಸುತ್ತಾರೆ. ಈ ಮಾತನ್ನು ದಾನಿಗಳ ನಿಂದೆಯೆಂದು ನಾನು ಓದುವುದಿಲ್ಲ. ಬಿರುದಿನ ಆಸೆಯಿಂದ ಕೊಟ್ಟ ರೂಪಾಯಿಯಿಂದಲೂ ಕ್ವಿನೈನ್ ಬರುತ್ತದೆ. ತೊಂದರೆ ಬೇರೆ ಕಡೆ ಇದೆ. ಬಿರುದು ಸಿಗುವುದು ಶಂಕುಸ್ಥಾಪನೆಗೆ, ಉದ್ಘಾಟನೆಗೆ. 15ನೇ ವರ್ಷದ ಸೋರುವ ಮಾಡಿಗೆ ಯಾರೂ ಬಿರುದು ಕೊಡುವುದಿಲ್ಲ.

ವಡೋದರದಲ್ಲಿ ಚಿತ್ರ ಬೇರೆ. 1875ರಲ್ಲಿ ಮಲ್ಹಾರರಾವ್ ಗಾಯಕವಾಡರನ್ನು ಗದ್ದುಗೆಯಿಂದ ಇಳಿಸಿ ಬಾಲಕ ಸಯಾಜಿರಾಯರನ್ನು ಕೂರಿಸಿದ ಮೇಲೆ ದಿವಾನ್ ಟಿ. ಮಾಧವರಾವ್ ಆಡಳಿತಕ್ಕೆ ಹೊಸ ರೂಪ ಕೊಟ್ಟರು. ಭಾಲಚಂದ್ರ ಭಾಟವಡೇಕರ್ ಎಂಬ ದೇಶೀ ವೈದ್ಯರು ಸಂಸ್ಥಾನದ ಮುಖ್ಯ ವೈದ್ಯಾಧಿಕಾರಿಯಾದರು. ಬ್ರಿಟಿಷ್ ಜಿಲ್ಲೆಗಳಲ್ಲಿ ಆಗ ಇದು ಬಹಳ ಅಪರೂಪ. ಹಣ ಬೊಕ್ಕಸದಿಂದ ನೇರವಾಗಿ ಬಂತು, ಶೇಠರ ಮನೆ ಕಾಯಬೇಕಿರಲಿಲ್ಲ. 1880ರ ದಶಕದಲ್ಲಿ ಎದ್ದ ದೊಡ್ಡ ಆಸ್ಪತ್ರೆಗೆ ವೈಸ್‌ರಾಯನ ಪತ್ನಿ ಕೌಂಟೆಸ್ ಡಫರಿನ್ ಹೆಸರಿಟ್ಟರು. ಈಗ ಅದು ಸಯಾಜಿರಾಯರ ಹೆಸರಿನ ಎಸ್‌ಎಸ್‌ಜಿ ಆಸ್ಪತ್ರೆ. ನಮ್ಮ ಮೈಸೂರು ಸಂಸ್ಥಾನ ನೆನಪಾಗುತ್ತದೆ. ರಾಜಮಾತೆ ಕೆಂಪನಂಜಮ್ಮಣ್ಣಿ 1897ರಲ್ಲಿ ಬೆಂಗಳೂರಿನಲ್ಲಿ ಅಡಿಗಲ್ಲಿಟ್ಟು, 1900ರಲ್ಲಿ ವೈಸ್‌ರಾಯ್ ಕರ್ಜನ್ ತೆರೆದ ವಿಕ್ಟೋರಿಯಾ ಆಸ್ಪತ್ರೆಯದೂ ಇದೇ ಜಾಯಮಾನ. ಗುಜರಾತಿನ ಈ ಮೂರು ಊರುಗಳಲ್ಲಿ ವರ್ಷದ ಖರ್ಚಿನ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಟ್ಟದ್ದು ವಡೋದರವೇ ಎಂದು ನಾನು ಒಪ್ಪುತ್ತೇನೆ. ಆದರೆ 1893ರಲ್ಲಿ ಅಮ್ರೇಲಿ ತಾಲ್ಲೂಕಿನಲ್ಲಿ ಕಡ್ಡಾಯ ಶಿಕ್ಷಣ ಜಾರಿಮಾಡಿ ಅಕ್ಷರವನ್ನು ಕಾನೂನಿನ ಮಾತಾಗಿಸಿದ ಅದೇ ಮಹಾರಾಜರು ಚಿಕಿತ್ಸೆಯನ್ನು ಕಾನೂನಿಗೆ ತರಲಿಲ್ಲ. ಅದು ಅರಸನ ಕೃಪೆಯಾಗಿಯೇ ಉಳಿಯಿತು.

ಆಡಳಿತ ಎಂದರೆ ಹಣ, ಸಮಿತಿ ಅಷ್ಟೇ ಅಲ್ಲ ಎಂದು ತೋರಿಸಿಕೊಟ್ಟವರು ಇಬ್ಬರು ಹೆಂಗಸರು. ಅಹಮದಾಬಾದಿನ ಜ್ಯೂಬಿಲಿ ಆಸ್ಪತ್ರೆಗೆ 1889ರಲ್ಲಿ ಬಂದ ಡಾ. ಮೋತಿಬಾಯಿ ಕಾಪಡಿಯಾ ದಶಕಗಟ್ಟಲೆ ಅಲ್ಲೇ ನಿಂತರು. ಸಿವಿಲ್ ಸರ್ಜನ್‌ಗಳು ಬಂದು ಹೋಗುತ್ತಿದ್ದ ಊರಿನಲ್ಲಿ ಇದು ಎಂಥ ಬದಲಾವಣೆ ಎಂದು ಯೋಚಿಸಿ: ತಾಯಿಯ ಹೆರಿಗೆ ಮಾಡಿಸಿದ ಡಾಕ್ಟರೇ ಮಗಳ ಹೆರಿಗೆಗೂ ಇದ್ದರು. ಸೂರತ್ತಿಗೆ 1895ರಲ್ಲಿ ಬಂದವರು ಡಾ. ರಖಮಾಬಾಯಿ. ಬಾಲ್ಯವಿವಾಹದ ಗಂಡನ ಮನೆಗೆ ಹೋಗಲೊಲ್ಲೆ ಎಂದು ಕೋರ್ಟಿನಲ್ಲಿ ನಿಂತು ದೇಶವನ್ನೇ ಅಲುಗಿಸಿದ ಹೆಣ್ಣುಮಗಳು, ಲಂಡನ್ನಿನಲ್ಲಿ ವೈದ್ಯವಿದ್ಯೆ ಕಲಿತು ಮರಳಿ ಅಲ್ಲಿನ ಮಹಿಳಾ ಆಸ್ಪತ್ರೆಯ ಹೊಣೆ ಹೊತ್ತರು. ಹೆರಿಗೆಗೆ ಆಸ್ಪತ್ರೆಗೆ ಬಂದರೆ ಸಾವೇ ಗತಿ ಎಂದು ಊರಿನ ಹೆಂಗಸರು ಹೆದರಿ ಹತ್ತಿರ ಸುಳಿಯದಿದ್ದಾಗ ಆಕೆ ಒಂದು ಗಬ್ಬದ ಮೇಕೆಯನ್ನು ತಂದು ಆಸ್ಪತ್ರೆಯಲ್ಲೇ ಮರಿ ಹಾಕಿಸಿದರು ಎಂದು ಹೇಳುತ್ತಾರೆ. ಯಾವ ಸಮಿತಿಯ ನಡಾವಳಿಗೂ ಹೊಳೆಯದ ಉಪಾಯ ಇದು. ಮೊದಲು ಜನರ ಭಯಕ್ಕೆ ಉತ್ತರ ಕೊಡಬೇಕು ಎಂದು ತಿಳಿದವರಿಗೆ ಹೊಳೆಯುವಂಥದ್ದು.

ಆ ತಿಳಿವಳಿಕೆ ಇಲ್ಲದಿದ್ದರೆ ಏನಾಗುತ್ತದೆ ಎಂದು ಪ್ಲೇಗು ತೋರಿಸಿತು. 1896ರಲ್ಲಿ ಬೊಂಬಾಯಿಗೆ ಕಾಲಿಟ್ಟ ರೋಗ ಗುಜರಾತಿಗೂ ಹಬ್ಬಿತು, 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಅಧಿಕಾರಿಗೆ ಮನೆಯೊಳಗೆ ನುಗ್ಗಿ ರೋಗಿಯನ್ನು ಎಳೆದೊಯ್ಯುವ ಅಧಿಕಾರ ಕೊಟ್ಟಿತು. ಜನ ರೋಗಿಗಳನ್ನು ಬಚ್ಚಿಟ್ಟರು. ಅಷ್ಟು ವರ್ಷ ಜನರನ್ನು ಒಂದು ಮಾತೂ ಕೇಳದೆ ನಡೆಸಿದ ಆಸ್ಪತ್ರೆಯನ್ನು ಜನ ಒಂದೇ ದಿನದಲ್ಲಿ ನಂಬುವುದು ಹೇಗೆ?

ಆ ಕಾಲ ಹೋಯಿತು, ಪ್ರಶ್ನೆ ಹೋಗಿಲ್ಲ. ಅಹಮದಾಬಾದಿನಲ್ಲಿ 1931ರಲ್ಲಿ ದಾನಿಗಳೂ ನಗರಸಭೆಯೂ ಸೇರಿ ಕಟ್ಟಿದ ವಾಡಿಲಾಲ್ ಸಾರಾಭಾಯಿ ಆಸ್ಪತ್ರೆ ಬಡವರ ಪಾಲಿಗೆ ತಲೆಮಾರುಗಳ ಆಸರೆಯಾಯಿತು. 2019ರಲ್ಲಿ ಅದರ ಮಗ್ಗುಲಲ್ಲೇ ಸರ್ದಾರ್ ಪಟೇಲರ ಹೆಸರಿನ 1500 ಹಾಸಿಗೆಯ ಹೊಸ ಆಸ್ಪತ್ರೆ ತೆರೆಯಿತು. ಹಳೆಯ ಆಸ್ಪತ್ರೆಯ ಹಾಸಿಗೆಗಳ ಸಂಖ್ಯೆ ಇಳಿಸಿದ್ದರ ವಿರುದ್ಧ ಜನ ಹೈಕೋರ್ಟಿಗೆ ಹೋಗಬೇಕಾಯಿತು. ಮರುವರ್ಷ ಕೊರೊನಾ ಬಂದಾಗ ಅದೇ ಹೈಕೋರ್ಟು ಸಿವಿಲ್ ಆಸ್ಪತ್ರೆಯ ಸ್ಥಿತಿಯನ್ನು ಕತ್ತಲಕೋಣೆಗೆ ಹೋಲಿಸಿತು. ಯಾವುದೋ ಒಂದು ಬೆಳಿಗ್ಗೆ ನಾವೇ ಬಂದು ನೋಡುತ್ತೇವೆ ಎಂದು ನ್ಯಾಯಮೂರ್ತಿಗಳು ಎಚ್ಚರಿಸಿದರು. ಹೈಕೋರ್ಟಿನ ನ್ಯಾಯಾಧೀಶರೇ ವಾರ್ಡಿಗೆ ಬರುತ್ತೇವೆ ಎನ್ನಬೇಕಾಗಿ ಬಂದರೆ ಅದಕ್ಕೆ ಮೊದಲು ನೋಡಬೇಕಾದವರು ಯಾರೂ ನೋಡುತ್ತಿರಲಿಲ್ಲ ಎಂದೇ ಅರ್ಥ. ಸರ್ಕಾರಿ ಆಸ್ಪತ್ರೆಗಳಿಗೆ ಈಗ ರೋಗಿ ಕಲ್ಯಾಣ ಸಮಿತಿಗಳಿವೆ, ನಮ್ಮಲ್ಲಿ ಅವಕ್ಕೆ ಆರೋಗ್ಯ ರಕ್ಷಾ ಸಮಿತಿ ಎನ್ನುತ್ತಾರೆ. ಅವುಗಳಲ್ಲಿ ಶಾಸಕರಿಗೆ, ಅಧಿಕಾರಿಗಳಿಗೆ, ದಾನಿಗಳಿಗೆ ಸ್ಥಾನವಿದೆ. ಆ ವಾರ್ಡಿನಲ್ಲಿ ಒಂದು ತಿಂಗಳು ಮಲಗಿ ಎದ್ದ ಕೂಲಿಯವನಿಗೆ, ಅವನ ಮಂಚದ ಪಕ್ಕ ನೆಲದ ಮೇಲೆ ಮಲಗಿ ಕಾದ ಹೆಂಡತಿಗೆ ಒಂದು ಕುರ್ಚಿ ಮೀಸಲಿಡಬೇಕು, ಸಭೆಗೆ ಬಂದ ದಿನದ ಕೂಲಿಯನ್ನೂ ಕೊಡಬೇಕು.