ರುಜುವಿನ ಅನಂತರದ ಬರೆಹ: ಪತ್ರದಲ್ಲಿ ಮತ್ತು ಪುಟದ ಭಾಷೆಯಲ್ಲಿ

ಪತ್ರವು ಮುಗಿದು ರುಜುವಾದ ಮೇಲೆ, ಮರೆತ ಮಾತನ್ನೋ ತಡವಾಗಿ ಒದಗಿದ ವರ್ತಮಾನವನ್ನೋ ಕೆಳಗೆ ಸೇರಿಸುವ ಪದ್ಧತಿ ಬಹಳ ಹಳೆಯದು. ಲ್ಯಾಟಿನ್ ಮೂಲದ 'ಪೋಸ್ಟ್‌ಸ್ಕ್ರಿಪ್ಟ್' ಎಂಬ ಮಾತಿಗೆ 'ಬರೆದಾದ ಮೇಲೆ ಬರೆದದ್ದು' ಎಂದರ್ಥ. ನಮ್ಮ ಹಿರಿಯರು ಪತ್ರದ ತಳದಲ್ಲಿ 'ತಾ. ಕ.' ಎಂದು ಹಾಕುತ್ತಿದ್ದುದೂ ಇದನ್ನೇ. ಅದು ತಾಜಾಕಲಮು ಎಂಬುದರ ಸಂಕ್ಷೇಪ. ಒಂದು ಹೆಸರು ಕಾಲವನ್ನು ಹೇಳುತ್ತದೆ, ಇನ್ನೊಂದು ಹೊಸದಾಗಿ ಹಿಡಿದ ಲೇಖನಿಯನ್ನು. ಎರಡರಲ್ಲಿಯೂ ಬರೆಹಕ್ಕೂ ಬರೆಹಕ್ಕೂ ನಡುವೆ ಒಂದು ವಿರಾಮವುಂಟೆಂಬ ಸೂಚನೆಯಿದೆ. ಇತಿಹಾಸದ ವಿದ್ಯಾರ್ಥಿಗೆ ಬೇಕಾದದ್ದು ಆ ವಿರಾಮವೇ.

ಮುದ್ರಣದ ಪುಟಗಳನ್ನು ವರ್ಣಿಸಲು 1984ರಲ್ಲಿ ಬಂದ ಗಣಕಭಾಷೆಯೊಂದಕ್ಕೂ ಪೋಸ್ಟ್‌ಸ್ಕ್ರಿಪ್ಟ್ ಎಂದೇ ಹೆಸರು. ಹಳೆಯ ಪತ್ರಗಳನ್ನು ಈ ಭಾಷೆಯ ಮತ್ತು ಅದರ ಸಂತತಿಯ ಕಡತಗಳಲ್ಲಿ ಓದಿ, ಮೂಲವನ್ನೇ ಕಂಡೆವೆಂದು ತೃಪ್ತರಾಗುವುದು ಈಗ ನಮ್ಮಲ್ಲಿ ವಾಡಿಕೆಯಾಗಿದೆ. ಈ ತೃಪ್ತಿ ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಇಲ್ಲಿ ವಿಚಾರಮಾಡಬೇಕೆಂದಿದ್ದೇವೆ.

ಮೊದಲು ಪತ್ರದ ಸಂಗತಿ. ಕ್ರಿ. ಪೂ. 54ರಲ್ಲಿ ಸಿಸೆರೋ ತನ್ನ ತಮ್ಮ ಕ್ವಿಂಟಸನಿಗೆ ಒಂದು ದೀರ್ಘವಾದ ಪತ್ರವನ್ನು ಬರೆದನು. ಕ್ವಿಂಟಸನು ಆಗ ಸೀಸರನ ಸೈನ್ಯದೊಡನಿದ್ದನು. ಪತ್ರದ ಮೊದಲ ಭಾಗವೆಲ್ಲ ಮನೆವಾರ್ತೆ: ತೋಟದ ಮನೆಗಳು, ನೀರಿನ ಕಾಲುವೆ, ಕಟ್ಟಡದ ಕೆಲಸ. ಇದನ್ನೆಲ್ಲ ಬರೆದು ಮಡಿಸುತ್ತಿರುವಾಗಲೇ ಓಲೆಕಾರರು ಬಂದರೆಂದು ಅವನೇ ಹೇಳುತ್ತಾನೆ. ಆ ವರ್ಷ ಸೀಸರನ ಮಗಳು ಜೂಲಿಯಾ ತೀರಿಕೊಂಡಿದ್ದಳು. ಓಲೆಗಳನ್ನು ಓದಿದೊಡನೆ ಸಿಸೆರೋವಿನ ಧಾಟಿ ಬದಲಾಗಿ, ಕಾಲುವೆಯ ಮಾತು ಹೋಗಿ ಸೀಸರನ ದುಃಖದ ಮಾತು ಬರುತ್ತದೆ. ಮೂಲಪತ್ರವು ನಮಗೆ ಉಳಿದಿಲ್ಲ. ಪ್ರತಿಗಳ ಪ್ರತಿಗಳು ಮಾತ್ರ ಉಳಿದಿವೆ. ಶಾಯಿಯ ಬಣ್ಣವಾಗಲಿ ಸಾಲುಗಳ ಇಕ್ಕಟ್ಟಾಗಲಿ ನಮಗೆ ಕಾಣುವಂತಿಲ್ಲ. ಮಡಿಸುತ್ತಿದ್ದೆನೆಂದು ಸಿಸೆರೋ ಬಾಯಿಬಿಟ್ಟು ಹೇಳಿರದಿದ್ದರೆ ಈ ತಿರುವನ್ನು ನಾವು ಅವನ ಶೈಲಿಯ ಚಾಂಚಲ್ಯವೆಂದು ವಿವರಿಸುತ್ತಿದ್ದೆವು. ಅಂತಹ ವಿವರಣೆಗಳಿಗೆ ನಮ್ಮಲ್ಲಿ ಎಂದೂ ಬರವಿಲ್ಲ.

ಸಿಸೆರೋವಿನದು ಪ್ರಾಮಾಣಿಕವಾದ ತಾಜಾಕಲಮು. ಕಪಟದ ತಾಜಾಕಲಮೂ ಉಂಟು. ಮುಖ್ಯವಾದ ಮಾತನ್ನು ಪತ್ರದಲ್ಲಿ ಹೇಳದೆ, ಅದೇನೂ ದೊಡ್ಡದಲ್ಲವೆಂಬಂತೆ ರುಜುವಿನ ಕೆಳಗೆ ಇಡುತ್ತಿದ್ದ ಒಬ್ಬನನ್ನು ತಾನು ಬಲ್ಲೆನೆಂದು ಫ್ರಾನ್ಸಿಸ್ ಬೇಕನ್ ತನ್ನ ಪ್ರಬಂಧಗಳ 1625ರ ಆವೃತ್ತಿಯಲ್ಲಿ, ಕುಯುಕ್ತಿಯನ್ನು ಕುರಿತು ಬರೆಯುವಾಗ, ತಿಳಿಸಿದ್ದಾನೆ. ಇಂತಹವನ ಪತ್ರವನ್ನು ಪರಿಷ್ಕರಿಸುವವನು ಅಚ್ಚುಕಟ್ಟಿನ ಆಸೆಯಿಂದ ಆ ಸಾಲನ್ನು ರುಜುವಿನ ಮೇಲಕ್ಕೆ ಎತ್ತಿಟ್ಟರೆ ಒಂದು ಶಬ್ದವೂ ನಷ್ಟವಾಗದು; ಆದರೆ ಆ ಮನುಷ್ಯನೇ ನಷ್ಟವಾಗುತ್ತಾನೆ. ಈ ಅಪರಾಧವನ್ನು ನಾವೂ ಮಾಡಿದ್ದೇವೆಂದು ಒಪ್ಪಿಕೊಳ್ಳಬೇಕಾಗಿದೆ. ತರಗತಿಗಾಗಿ ಕೆಲವು ಪತ್ರಗಳ ಪ್ರತಿ ತೆಗೆದಾಗ, ವಿದ್ಯಾರ್ಥಿಗಳಿಗೆ ಸುಲಭವಾಗಲೆಂದು ರುಜುವಿನ ಕೆಳಗಿನ ಸಾಲುಗಳನ್ನು ಒಡಲಿಗೆ ಸೇರಿಸಿಬಿಟ್ಟಿದ್ದೆವು.

ಇನ್ನು ಗಣಕದ ಪೋಸ್ಟ್‌ಸ್ಕ್ರಿಪ್ಟ್. ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಷ್ಕೆ ಎಂಬವರು ಜೆರಾಕ್ಸ್ ಸಂಸ್ಥೆಯನ್ನು ಬಿಟ್ಟು 1982ರಲ್ಲಿ ಅಡೋಬಿ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಭಾಷೆಯು 1985ರಲ್ಲಿ ಆಪಲ್ ಸಂಸ್ಥೆಯ ಲೇಸರ್‌ರೈಟರ್ ಎಂಬ ಮುದ್ರಣಯಂತ್ರದೊಳಗೆ ಸೇರಿ, ಅಂಗುಲಕ್ಕೆ 300 ಚುಕ್ಕೆಗಳಂತೆ ಪುಟವನ್ನು ಮೂಡಿಸತೊಡಗಿತು. ಇದರಲ್ಲಿ ಅಂಕಿಗಳು ಮೊದಲು, ಆಜ್ಞೆ ಕಡೆಗೆ: '100 200 ಮೂವ್‌ಟು' ಎಂದರೆ ಆ ಸ್ಥಾನಕ್ಕೆ ಹೋಗು ಎಂದು. ಕ್ರಿಯಾಪದವನ್ನು ಕಡೆಗೆ ಇಡುವ ಕನ್ನಡಿಗರಿಗೆ ಇದು ವಿಚಿತ್ರವೆನಿಸದು. ಅಂಗುಲವನ್ನು 72 ಭಾಗ ಮಾಡಿ, ಪುಟದ ಕೆಳಗಿನ ಎಡಮೂಲೆಯಿಂದ ಅಳತೆಯನ್ನು ಎಣಿಸುತ್ತಾರೆ. ಎಂದರೆ, ಪತ್ರದಲ್ಲಿ ಕಟ್ಟಕಡೆಗೆ ಬರುವ ತಾಜಾಕಲಮಿನ ಸ್ಥಳವೇ ಇಲ್ಲಿ ಸೊನ್ನೆಗೆ ಅತಿ ಸಮೀಪ. 'ಷೋಪೇಜ್' ಎಂಬ ಆಜ್ಞೆ ಬಿದ್ದಾಗ ಪುಟವು ಹೊರಬರುತ್ತದೆ. ಅದರ ಮೇಲೆ ಬರೆದದ್ದು ಮುಂದಿನ ಪುಟದ ಪಾಲು.

ಈ ಭಾಷೆಯಲ್ಲಿ ತಾಜಾಕಲಮನ್ನು ಮೊದಲು ಮೂಡಿಸಿ, ಬಳಿಕ ರುಜುವನ್ನೂ ಒಡಲನ್ನೂ ಮೂಡಿಸಬಹುದು. ಮುದ್ರಿತವಾದ ಪುಟದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದು. ಒಂದು ಗುರುತು ಇನ್ನೊಂದರ ಮೇಲೆ ಬಿದ್ದಾಗ ಮಾತ್ರ ಕ್ರಮಕ್ಕೆ ಬೆಲೆ ಬರುತ್ತದೆ; ಆಗ ಹಿಂದಿನದು ಮುಚ್ಚಿಹೋಗುತ್ತದೆ. ಪತ್ರದಲ್ಲಿ ಅನಂತರದ ಮಾತು ಮೊದಲಿನದನ್ನು ಉಳಿಸಿಕೊಂಡೇ ತಿದ್ದುತ್ತದೆ. ಪುಟದ ಭಾಷೆಯಲ್ಲಿ ಅನಂತರದ್ದೆಂದರೆ ಮೇಲೆ ಬಳಿದದ್ದು. 1993ರಲ್ಲಿ ಬಂದ ಪಿಡಿಎಫ್ ಎಂಬ ರೂಪವೂ ಈ ಸ್ವಭಾವವನ್ನೇ ಪಡೆದುಕೊಂಡಿತು. ಇದು ಭಾಷೆಯ ದೋಷವಲ್ಲ. ಪುಟವು ಎಲ್ಲ ಯಂತ್ರಗಳಲ್ಲಿಯೂ ಒಂದೇ ರೀತಿ ಕಾಣಲೆಂಬುದು ಅದರ ಉದ್ದೇಶ, ಅದನ್ನು ಅದು ಸಾಧಿಸಿತು. ಪುಟವೇ ದಾಖಲೆಯೆಂದು ಬಗೆದವರು ನಾವು.

ಕನ್ನಡದ ಪುಟಗಳಲ್ಲಿ ಈ ತೊಡಕು ಅಕ್ಷರದ ಮಟ್ಟಕ್ಕೇ ಇಳಿಯುತ್ತದೆ. ಅರ್ಕಾವೊತ್ತನ್ನು ನೋಡಿ. 'ಧರ್ಮ' ಎಂಬಲ್ಲಿ ರೇಫವನ್ನು ಮಕಾರಕ್ಕೆ ಮೊದಲು ಉಚ್ಚರಿಸುತ್ತೇವೆ, ಮಕಾರದ ಅನಂತರ ಬರೆಯುತ್ತೇವೆ. ಅಕ್ಷರದೊಳಗೇ ಒಂದು ತಾಜಾಕಲಮು ಅದು. ಯೂನಿಕೋಡಿನ ಸಂಕೇತದಲ್ಲಿ ರೇಫವು ಉಚ್ಚಾರದ ಕ್ರಮದಲ್ಲಿ ಮೊದಲು ನಿಲ್ಲುತ್ತದೆ. ಅದಕ್ಕೆ ಹಿಂದಿನ ಕನ್ನಡ ಫಾಂಟುಗಳಲ್ಲಾದರೋ ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ನಮ್ಮ ಅಕ್ಷರಖಂಡಗಳನ್ನು ಕೂರಿಸಿದ್ದರು. ಕಡತದಲ್ಲಿ ಕಣ್ಣಿಗೆ ಕಾಣುವ ಕ್ರಮವೇ ಉಳಿಯಿತು. ಅಂತಹ ಪುಟವನ್ನು ಮುದ್ರಿಸಿದರೆ ಮುತ್ತು ಪೋಣಿಸಿದಂತಿರುತ್ತದೆ. ಪಾಠವನ್ನು ಹೊರತೆಗೆಯಹೋದರೆ ರೋಮನ್ ಅಕ್ಷರಗಳ ಕಲಸುಮೇಲೋಗರ ಕೈಗೆ ಬರುತ್ತದೆ.

ಪೋಸ್ಟ್‌ಸ್ಕ್ರಿಪ್ಟ್ ಕಡತದಲ್ಲಿ ನಮಗೆ ಉಪಯುಕ್ತವಾದ ಭಾಗವೊಂದು ಇಲ್ಲದಿಲ್ಲ. ಶೇಕಡಾ ಚಿಹ್ನೆಯಿಂದ ಮೊದಲಾಗುವ ಸಾಲುಗಳು ಮುದ್ರಣವಾಗುವುದಿಲ್ಲ. ಕಡತವನ್ನು ರಚಿಸಿದ ಸಾಧನದ ಹೆಸರು, ರಚನೆಯ ದಿನಾಂಕ ಮೊದಲಾದವು ಅನೇಕ ವೇಳೆ ಅಲ್ಲಿ ದೊರೆಯುತ್ತವೆ. ಅದು ಪುಟವು ಸಿದ್ಧವಾದ ದಿನವೇ ಹೊರತು ಪತ್ರವನ್ನು ಬರೆದ ದಿನವಲ್ಲ. ಆದರೂ, ಕಡತವನ್ನು ಕಾಗದಕ್ಕೆ ಇಳಿಸಿ ಮೂಲವನ್ನು ಅಳಿಸಿಬಿಡುವವರು ಮೊದಲು ಕಳೆದುಕೊಳ್ಳುವುದು ಈ ಸಾಲುಗಳನ್ನೇ.

ನಮ್ಮ ತರಗತಿಯ ಪ್ರತಿಗಳನ್ನು ಈಗ ತಿದ್ದಿದ್ದೇವೆ. ರುಜುವಿನ ಕೆಳಗಿದ್ದುದು ಕೆಳಗೇ ಇದೆ. ಅಂಚಿನಲ್ಲಿ ಅಡ್ಡಲಾಗಿ ಬರೆದದ್ದು ಅಡ್ಡಲಾಗಿದೆಯೆಂದೂ, ಕೈಬರೆಹ ಬೇರೆಯಾದಲ್ಲಿ ಬೇರೆಯೆಂದೂ ಪ್ರತಿಯೊಂದರ ಪಕ್ಕದಲ್ಲಿ ಗುರುತಿಸಿದ್ದೇವೆ. ಎರಡು ಪತ್ರಗಳ ಮೂಲವು ನಮಗೆ ಮತ್ತೆ ದೊರೆಯಲಿಲ್ಲ. ಅವುಗಳಲ್ಲಿ ಕಡೆಯ ಸಾಲು ಎಲ್ಲಿತ್ತೆಂದು ನೆನಪಿನಿಂದ ಬರೆಯುವ ಧೈರ್ಯ ನಮಗಾಗಲಿಲ್ಲ. ಅವನ್ನು ಪಾಠದಿಂದ ತೆಗೆದಿದ್ದೇವೆ.