ಕ್ಷಯಕ್ಕೆ ಜಾಗವಿಲ್ಲದ ಆವಿಷ್ಕಾರ

ಸರ್ಕಾರದ ನೀತಿಪತ್ರಗಳನ್ನು ಕಥೆಗಾರರು ಓದುವುದು ಕಡಿಮೆ. ಓದಬೇಕು, ಅವುಗಳಲ್ಲಿಯೂ ಪಾತ್ರಗಳಿರುತ್ತವೆ, ಬೇಕೆಂದೇ ಬಿಟ್ಟ ಪಾತ್ರಗಳೂ ಇರುತ್ತವೆ. 2024ರ ನವೆಂಬರಿನಲ್ಲಿ ಕರ್ನಾಟಕ ಸರ್ಕಾರ ಪ್ರಕಟಿಸಿದ ಗ್ಲೋಬಲ್ ಕೇಪಬಿಲಿಟಿ ಸೆಂಟರ್‌ಗಳ ನೀತಿಯಲ್ಲಿ 2029ರೊಳಗೆ ರಾಜ್ಯಕ್ಕೆ 500 ಹೊಸ ಕೇಂದ್ರಗಳನ್ನು ತರುವ, 3.5 ಲಕ್ಷ ಉದ್ಯೋಗ ಸೃಷ್ಟಿಸುವ ಗುರಿ ಇದೆ. ಬಹುರಾಷ್ಟ್ರೀಯ ಕಂಪೆನಿಗಳು ತಮ್ಮ ಲೆಕ್ಕಪತ್ರ, ಸಾಫ್ಟ್‌ವೇರ್, ವಿನ್ಯಾಸ, ಸಂಶೋಧನೆಯನ್ನು ಇಲ್ಲಿ ಮಾಡಿಸಿಕೊಳ್ಳುವ ಕಚೇರಿಗಳಿಗೆ ಈಗ ಇರುವ ಹೆಸರು ಇದು. ಎಷ್ಟು ಕೇಂದ್ರ, ಎಷ್ಟು ಕುರ್ಚಿ, ಎಷ್ಟು ಡಾಲರ್ ಎಂಬುದು ಸುದ್ದಿಯಾಯಿತು. ಆ ಕೇಂದ್ರಗಳಲ್ಲಿ ಕೂತವರು ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಾರೆ, ಆ ಪ್ರಶ್ನೆಯನ್ನು ಆರಿಸುವವರು ಯಾರು, ಬೇಡವೆಂದು ಕೈಬಿಡುವವರು ಯಾರು ಎಂಬುದರ ಬಗ್ಗೆ ಚರ್ಚೆ ನಡೆದದ್ದನ್ನು ನಾನು ಕಾಣಲಿಲ್ಲ.

ಈ ಪ್ರಶ್ನೆ ಹೊಸದೇನಲ್ಲ. ಇದನ್ನು ಮಲ್ಲೇಶ್ವರದ ಹದಿನೆಂಟನೇ ಕ್ರಾಸಿನಲ್ಲಿಯೇ ಕೇಳಬೇಕಾಗಿತ್ತು.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದದ್ದನ್ನು, ಅದರ ಡಿಶ್ ಆಂಟೆನಾ ಎತ್ತಿನ ಗಾಡಿಯಲ್ಲಿ ಬಂದ ಕಥೆಯನ್ನು ಈ ಊರು ಹಬ್ಬದಂತೆ ನೆನೆಯುತ್ತದೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಆಸ್ಟ್ರಾ ಎಂಬ ಸ್ವೀಡನ್ನಿನ ಔಷಧ ಕಂಪೆನಿಯೂ ಇಲ್ಲಿ ಸಂಶೋಧನಾ ಕೇಂದ್ರ ತೆರೆಯಿತು. ಅದನ್ನು ಯಾರೂ ನೆನೆಯುವುದಿಲ್ಲ. ಆಸ್ಟ್ರಾ ರಿಸರ್ಚ್ ಸೆಂಟರ್ ಇಂಡಿಯಾ ಎಂಬ ಹೆಸರಿನ ಆ ಕೇಂದ್ರದ ವಿಳಾಸ ಹದಿನೆಂಟನೇ ಕ್ರಾಸ್, ಮಲ್ಲೇಶ್ವರಂ, ಬೆಂಗಳೂರು 3. ತರಕಾರಿ ಚೀಲ ಹಿಡಿದವರು, ಟ್ಯೂಷನ್ನಿಗೆ ಓಡುವ ಮಕ್ಕಳು, ಬಸ್ಸಿಗೆ ಕಾಯುವವರು ಓಡಾಡುವ ಆ ರಸ್ತೆಯ ವಿಳಾಸವೇ ವಿದೇಶದ ವಿಜ್ಞಾನ ಪತ್ರಿಕೆಗಳ ಪುಟಗಳಲ್ಲಿ ಅಚ್ಚಾಗುತ್ತಿತ್ತು. ಅಮೆರಿಕದ ಜೆನೆಂಟೆಕ್ ಕಂಪೆನಿಯಲ್ಲಿ ದುಡಿದು ಬಂದಿದ್ದ ಜೆ. ರಾಮಚಂದ್ರನ್ ಅದನ್ನು ಬಹುಕಾಲ ಮುನ್ನಡೆಸಿದರು. ಕೂಗಳತೆಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. ಜಮ್‌ಶೆಟ್‌ಜಿ ಟಾಟಾರ ಹಣ, ಮೈಸೂರು ಅರಸರು ಕೊಟ್ಟ 371 ಎಕರೆ ಜಮೀನು ಸೇರಿ 1909ರಲ್ಲಿ ಹುಟ್ಟಿದ ಸಂಸ್ಥೆ ಅದು. ಎಂಬತ್ತರ ದಶಕದ ಕಂಪೆನಿಗಳಿಗೆ ಬೇಕಾಗಿದ್ದ ಓದಿದ ಜನ ಅಲ್ಲಿ ಸಿದ್ಧರಿದ್ದರು. ಬೆಂಗಳೂರಿನ ಹವೆ ನೋಡಿ ಕಂಪೆನಿಗಳು ಬಂದವು ಎನ್ನುವವರು ಈ ಎಪ್ಪತ್ತೈದು ವರ್ಷಗಳ ಸಾರ್ವಜನಿಕ ಖರ್ಚನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

1999ರಲ್ಲಿ ಆಸ್ಟ್ರಾ ಬ್ರಿಟನ್ನಿನ ಜೆನೆಕಾ ಕಂಪೆನಿಯೊಂದಿಗೆ ಸೇರಿ ಆಸ್ಟ್ರಾಜೆನೆಕಾ ಆಯಿತು. 2003ರಲ್ಲಿ ಹೆಬ್ಬಾಳದ ಬಳ್ಳಾರಿ ರಸ್ತೆಯಲ್ಲಿ ಕ್ಷಯರೋಗಕ್ಕೆಂದೇ ಮೀಸಲಾದ ಸಂಶೋಧನೆ ಆರಂಭವಾಯಿತು. ಆ ನೆಲೆಗೆ ಇಟ್ಟ ಹೆಸರು 'ಆವಿಷ್ಕಾರ್'.

ದೊಡ್ಡ ಕಂಪೆನಿಯೊಂದು ಕ್ಷಯವನ್ನು ಕೈಗೆತ್ತಿಕೊಂಡದ್ದು ಸಣ್ಣ ಸಂಗತಿಯಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದಲ್ಲಿದ್ದಾರೆ. ಐಸೋನಿಯಜಿಡ್ ಬಂದದ್ದು 1952ರಲ್ಲಿ, ರಿಫಾಂಪಿಸಿನ್ ಅರವತ್ತರ ದಶಕದಲ್ಲಿ. ಆಮೇಲೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಹೇಳಿಕೊಳ್ಳುವಂಥ ಹೊಸ ಔಷಧಿ ಇರಲಿಲ್ಲ. ಕಾಯಿಲೆಯೂ ಸುಲಭದ್ದಲ್ಲ. ನಮ್ಮ ಕರುಳಿನಲ್ಲಿರುವ ಸಾಮಾನ್ಯ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ, ಕ್ಷಯದ ಕ್ರಿಮಿ ಎರಡಾಗಲು ಹೆಚ್ಚುಕಡಿಮೆ ಇಡೀ ದಿನ ತೆಗೆದುಕೊಳ್ಳುತ್ತದೆ. ಮೇಣದಂಥ ಗೋಡೆ ಕಟ್ಟಿಕೊಂಡು ಕೂತಿರುತ್ತದೆ. ಅದರ ಮೇಲೆ ನಡೆಸುವ ಒಂದೊಂದು ಪ್ರಯೋಗಕ್ಕೂ ವಾರಗಟ್ಟಲೆ ಕಾಯಬೇಕು, ರೋಗಿ ಆರು ತಿಂಗಳು ಮಾತ್ರೆ ನುಂಗಬೇಕು. ಇಲ್ಲಿ ತಾಳ್ಮೆಯೇ ಬಂಡವಾಳ. ಷೇರು ಮಾರುಕಟ್ಟೆ ಮೂರು ತಿಂಗಳಿಗೊಮ್ಮೆ ಲೆಕ್ಕ ಕೇಳುತ್ತದೆ.

2014ರ ಜನವರಿಯಲ್ಲಿ ಕಂಪೆನಿ 'ಆವಿಷ್ಕಾರ್' ಅನ್ನು ಮುಚ್ಚುವುದಾಗಿ ಹೇಳಿತು. 168 ಮಂದಿಯ ಕೆಲಸ ಹೋಯಿತು. ಕ್ಷಯ, ಮಲೇರಿಯಾ ಮತ್ತು ಕಡೆಗಣಿಸಲ್ಪಟ್ಟ ಉಷ್ಣವಲಯದ ಕಾಯಿಲೆಗಳ ಆರಂಭಿಕ ಸಂಶೋಧನೆಯಿಂದ ಹಿಂದೆ ಸರಿಯುವುದಾಗಿಯೂ, ಇನ್ನು ಮುಂದೆ ಕ್ಯಾನ್ಸರ್, ಹೃದ್ರೋಗ-ಮಧುಮೇಹ, ಉಸಿರಾಟ ಮತ್ತು ಉರಿಯೂತದ ಕಾಯಿಲೆಗಳ ಕಡೆ ಗಮನ ಕೊಡುವುದಾಗಿಯೂ ತಿಳಿಸಿತು.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಉಸಿರಾಟ ಅದರಲ್ಲಿದೆ. ಶ್ವಾಸಕೋಶವನ್ನೇ ತಿನ್ನುವ ಕ್ಷಯ ಅದರಲ್ಲಿಲ್ಲ. ಆಸ್ತಮಾದ ಇನ್‌ಹೇಲರ್ ಕೊಳ್ಳುವವರ ಎದೆಗೂ ಬೀಡಿ ಕಟ್ಟುವವರ ಎದೆಗೂ ನಡುವೆ ಗೆರೆ ಎಳೆದವರು ವೈದ್ಯರಲ್ಲ, ಮಾರುಕಟ್ಟೆಯ ಲೆಕ್ಕ. ವಿಜ್ಞಾನಿಗಳು ಸೋತದ್ದರಿಂದ ಪ್ರಯೋಗಾಲಯ ಮುಚ್ಚಲಿಲ್ಲ ಎಂಬುದನ್ನು ಗಮನಿಸಬೇಕು. ಅಲ್ಲಿ ಹುಟ್ಟಿದ ಅಜಾಇಂಡೋಲ್ ಜಾತಿಯ ಒಂದು ಅಣು ಮುಂದೆ ಟಿಬಿಎ-7371 ಎಂಬ ಹೆಸರಿನಲ್ಲಿ ಟಿಬಿ ಅಲಯನ್ಸ್ ಮತ್ತು ಗೇಟ್ಸ್ ವೈದ್ಯಕೀಯ ಸಂಶೋಧನಾ ಸಂಸ್ಥೆಯ ಕೈಯಲ್ಲಿ ಮಾನವ ಪರೀಕ್ಷೆಯ ಹಂತ ತಲುಪಿತು. ಕೆಲಸ ಕಳೆದುಕೊಂಡವರಲ್ಲಿ ಕೆಲವರು ಸೇರಿ ಬೆಂಗಳೂರಿನಲ್ಲಿಯೇ ಬಗ್‌ವರ್ಕ್ಸ್ ಎಂಬ ಕಂಪೆನಿ ಕಟ್ಟಿ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಹಿಂದೆ ಬಿದ್ದರು. ಇನ್ನು ಕೆಲವರು ಫೌಂಡೇಷನ್ ಫಾರ್ ನೆಗ್ಲೆಕ್ಟೆಡ್ ಡಿಸೀಸ್ ರಿಸರ್ಚ್ ಕಟ್ಟಿ ಹಳೆಯ ಕೆಲಸವನ್ನೇ ಮುಂದುವರಿಸಿದರು. ತಲೆ ಇಲ್ಲಿಯೇ ಇತ್ತು, ಅಣುವೂ ಇಲ್ಲಿಯೇ ಇತ್ತು. ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ಹೇಳುವ ಬಾಯಿ ಮಾತ್ರ ಲಂಡನ್ನಿನಲ್ಲಿತ್ತು.

ಬಳ್ಳಾರಿ ರಸ್ತೆಯಲ್ಲಿಯೇ ಊರಿನ ಕಡೆಗೆ ಬಂದರೆ 8ನೇ ನಂಬರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ 'ಅವಲಾನ್' ಎಂಬ ಹಳೆಯ ಬಂಗಲೆಯಲ್ಲಿ ಆರಂಭವಾದದ್ದು. ಅದಕ್ಕೆ ಗಾಜಿನ ಗೋಡೆ ಇಲ್ಲ, ಅಲ್ಲಿ ನಡೆದ ಕೆಲಸಕ್ಕೆ 'ಇನ್ನೋವೇಷನ್' ಎಂಬ ಹೆಸರೂ ಬರಲಿಲ್ಲ. ಆದರೆ ನನ್ನ ಮಟ್ಟಿಗೆ ಬೆಂಗಳೂರಿನಲ್ಲಿ ನಡೆದ ಅತ್ಯಂತ ದೊಡ್ಡ ಆವಿಷ್ಕಾರಗಳಲ್ಲಿ ಒಂದು ಅಲ್ಲಿಯದು.

ಆಗ ತಜ್ಞರ ನಂಬಿಕೆ ಏನಿತ್ತು? ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಕಾಯಿಲೆ ಬಂದರೂ ಗೊತ್ತಾಗುವುದಿಲ್ಲ, ಆದ್ದರಿಂದ ಎಕ್ಸ್‌ರೇ ಗಾಡಿ ಕೊಂಡೊಯ್ದು ರೋಗಿಗಳನ್ನು ಹುಡುಕಬೇಕು. ಈ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಕ್ಷಯ ಇದ್ದವರ ಮನೆಯಲ್ಲಿ ಕೂತು ಮಾತನಾಡಿಸಿದರು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ಬಹುಪಾಲು ಎಲ್ಲರಿಗೂ ತಮಗೆ ಏನೋ ಆಗಿದೆ ಎಂಬ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಸರ್ಕಾರಿ ಆಸ್ಪತ್ರೆಗೆ ಹೋದವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ. ರೋಗಿ ವೈದ್ಯರನ್ನು ಹುಡುಕಿಕೊಂಡು ಬಂದಿದ್ದ, ವೈದ್ಯರು ರೋಗವನ್ನು ಹುಡುಕಿರಲಿಲ್ಲ. ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮವನ್ನು ಸಾಮಾನ್ಯ ಆಸ್ಪತ್ರೆಗಳ ಮೂಲಕವೇ ನಡೆಸಬೇಕು, ಕೆಮ್ಮು ಎಂದು ಬಂದವರ ಕಫವನ್ನು ಅಲ್ಲಿಯೇ ಪರೀಕ್ಷಿಸಬೇಕು ಎಂಬ ವಾದಕ್ಕೆ ಈ ಅಧ್ಯಯನ ಬಲ ಕೊಟ್ಟಿತು.

ಇದರಲ್ಲಿ ವಿದೇಶಿ ಹಣವೂ ಇತ್ತು, ವಿದೇಶಿ ತಜ್ಞರೂ ಇದ್ದರು. ಹಾಗಾಗಿ ನನ್ನ ತಕರಾರು ಸ್ವದೇಶಿ-ವಿದೇಶಿ ಎಂಬ ಹಳೆಯ ಜಗಳವಲ್ಲ. ತುಮಕೂರಿನಲ್ಲಿ ಪ್ರಶ್ನೆ ಹುಟ್ಟಿದ್ದು ರೋಗಿಯ ಜಗಲಿಯ ಮೇಲೆ. ಹೆಬ್ಬಾಳದ ಪ್ರಶ್ನೆ ದೂರದಿಂದ ಬಂತು, ದೂರದಿಂದಲೇ ವಾಪಸು ಹೋಯಿತು. ಹಾಗೆಂದು ನಮ್ಮ ಸರ್ಕಾರಕ್ಕೆ ಶಹಭಾಸ್‌ಗಿರಿ ಕೊಡಲೂ ಆಗದು. ರಾಷ್ಟ್ರೀಯ ಉತ್ಪನ್ನದ ಶೇಕಡಾ 0.64ರಷ್ಟನ್ನು ಮಾತ್ರ ಸಂಶೋಧನೆಗೆ ಖರ್ಚು ಮಾಡುವ ದೇಶ ನಮ್ಮದು. ಕಂಪೆನಿ ಬಿಟ್ಟುಹೋದ ಪ್ರಯೋಗಾಲಯವನ್ನು ಎತ್ತಿಕೊಳ್ಳುವ ಸಾಮರ್ಥ್ಯವಾಗಲಿ ಮನಸ್ಸಾಗಲಿ ದೆಹಲಿಗೂ ಇರಲಿಲ್ಲ, ವಿಧಾನಸೌಧಕ್ಕೂ ಇರಲಿಲ್ಲ. 2025ರೊಳಗೆ ಕ್ಷಯಮುಕ್ತ ಭಾರತ ಎಂದು 2018ರಲ್ಲಿ ಘೋಷಣೆಯಾಯಿತು. ಆ ವರ್ಷ ಬಂದಿತು, ಕ್ಷಯ ಇಲ್ಲಿಯೇ ಇದೆ.

ಉರ್ದುವಿನಲ್ಲಿ ಈ ಕಾಯಿಲೆಗೆ ತಪೆದಿಕ್ ಎನ್ನುತ್ತಾರೆ. ತಪ್ ಎಂದರೆ ಜ್ವರ. 'ದಿಕ್ ಕರ್ನಾ' ಎಂದರೆ ಪೀಡಿಸುವುದು, ಜೀವ ತಿನ್ನುವುದು. ಕನ್ನಡದ 'ಕ್ಷಯ' ಸವೆಯುವ ದೇಹವನ್ನು ಹೇಳುತ್ತದೆ, ಉರ್ದುವಿನ 'ದಿಕ್' ಸವೆಯುವ ಮನಸ್ಸನ್ನು. ಮಂಟೋ ತಾರುಣ್ಯದಲ್ಲಿ ಎದೆಯ ಕಾಯಿಲೆಯಿಂದ ಅಲಿಗಢ ಬಿಟ್ಟು ಕಾಶ್ಮೀರದ ಬಟೋಟ್‌ಗೆ ಹೋದಾಗ ಬೆಟ್ಟದ ಗಾಳಿಯೇ ಔಷಧಿ. ಈಗ ಮಾತ್ರೆ ಇದೆ, ಸರ್ಕಾರ ಪುಕ್ಕಟೆ ಕೊಡುತ್ತದೆ. ಆದರೂ ಚಾಮರಾಜಪೇಟೆಯ ಆಚೆಗಿನ ಪಾದರಾಯನಪುರ, ಜಗಜೀವನರಾಮ್ ನಗರದ ಕಡೆಯ ಗಲ್ಲಿಗಳಲ್ಲಿ, ಒಂದೇ ಕೋಣೆಯಲ್ಲಿ ಊದುಬತ್ತಿ ಹೊಸೆದು, ಬೀಡಿ ಕಟ್ಟಿ, ಅಡುಗೆ ಮಾಡಿ, ಆರೇಳು ಜನ ಮಲಗುವ ಮನೆಗಳಲ್ಲಿ ಈ ಹೆಸರನ್ನು ಪಿಸುಮಾತಿನಲ್ಲಿಯೇ ಹೇಳುತ್ತಾರೆ. ಹುಡುಗಿಯ ಮದುವೆ ನಿಲ್ಲುತ್ತದೆಂಬ ಭಯ. "ಬರೀ ಖಾಂಸಿ ಅಮ್ಮಾ, ಧೂಳಿಗೆ" ಎಂದು ಅಕ್ಕಪಕ್ಕದವರಿಗೆ ಹೇಳಿ, ಮಾತ್ರೆಯ ಪಟ್ಟಿಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಡುವ ತಾಯಂದಿರಿದ್ದಾರೆ. ವೇದಿಕೆಗಳಲ್ಲಿ ಸಮುದಾಯದ ಹಿಂದುಳಿದಿರುವಿಕೆಯ ಬಗ್ಗೆ ಗಂಟೆಗಟ್ಟಲೆ ಮಾತನಾಡುವ ನಮ್ಮ ಮುಖಂಡರು ಗಾಳಿ ಬೆಳಕಿಲ್ಲದ ಈ ಕೋಣೆಗಳ ಬಗ್ಗೆ ಆಡುವ ಮಾತು ಅತಿ ಕಡಿಮೆ. ಕನ್ನಡದ ಕಥೆಗಾರರಾದ ನಾವೂ ಐಟಿ ನಗರವೆಂದರೆ ಕ್ಯಾಬು, ಫ್ಲಾಟು, ಒಂಟಿತನ ಎಂದು ಬರೆದೆವು. ನನ್ನ ಓದಿನಲ್ಲಿ ಪ್ರಯೋಗಾಲಯವೂ ಈ ಕೋಣೆಯೂ ಒಂದೇ ಕಥೆಯಲ್ಲಿ ಎದುರಾದದ್ದಿಲ್ಲ.

ಎದುರಾದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಇದೆ. ಮಾತ್ರೆಗೆ ಬಗ್ಗದ ಕ್ಷಯಕ್ಕೆ ಕೊಡುವ ಬೆಡಾಕ್ವಿಲಿನ್ ಔಷಧಿಗೆ 2012ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಜಾನ್ಸನ್ ಅಂಡ್ ಜಾನ್ಸನ್ ಕಂಪೆನಿ ಅದರ ಲವಣ ರೂಪಕ್ಕೆ ಇನ್ನೊಂದು ಪೇಟೆಂಟ್ ಪಡೆದು ಏಕಸ್ವಾಮ್ಯವನ್ನು ಇನ್ನೂ ಕೆಲವು ವರ್ಷ ಎಳೆಯಲು ಅರ್ಜಿ ಹಾಕಿತು. ಅದಕ್ಕೆ ತಕರಾರು ಸಲ್ಲಿಸಿದ್ದು ಕ್ಷಯದಿಂದ ಬದುಕಿ ಬಂದ ಇಬ್ಬರು ಹೆಣ್ಣುಮಕ್ಕಳು, ಮುಂಬಯಿಯ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೇಜಾ ಟಿಸೀಲೆ. ಚಿಕಿತ್ಸೆಗೆ ಬಳಸಿದ ಹಳೆಯ ಔಷಧಿಗಳ ವಿಷ ಇಬ್ಬರ ಕಿವಿಯನ್ನೂ ಕಿತ್ತುಕೊಂಡಿತ್ತು. 2023ರ ಮಾರ್ಚಿನಲ್ಲಿ ಭಾರತದ ಪೇಟೆಂಟ್ ಕಚೇರಿ ಕಂಪೆನಿಯ ಅರ್ಜಿಯನ್ನು ತಿರಸ್ಕರಿಸಿತು. ಅದೇ ವರ್ಷದ ಜುಲೈನಲ್ಲಿ ಮೂಲ ಪೇಟೆಂಟಿನ ಅವಧಿ ಮುಗಿದು, ಅಗ್ಗದ ದರದಲ್ಲಿ ಅದನ್ನು ತಯಾರಿಸಲು ಇಲ್ಲಿನ ಕಂಪೆನಿಗಳಿಗೆ ದಾರಿ ತೆರೆಯಿತು.

ಈಗ 500 ಹೊಸ ಕೇಂದ್ರಗಳ ಮಾತು. ಬರಲಿ, ನಮ್ಮ ಮಕ್ಕಳಿಗೆ ಕೆಲಸ ಬೇಕು. ಪಾದರಾಯನಪುರದ ಹುಡುಗಿಯೊಬ್ಬಳು ಬಯೋಟೆಕ್ ಓದಿ ಅಂಥ ಪ್ರಯೋಗಾಲಯಕ್ಕೆ ಸೇರಿದರೆ ಮಿಠಾಯಿ ಹಂಚುವವರಲ್ಲಿ ನಾನೂ ಒಬ್ಬ. ಆದರೆ ರಿಯಾಯಿತಿ ಕೊಡುವ ಸರ್ಕಾರ ಒಪ್ಪಂದದಲ್ಲಿ ಎರಡು ಸಾಲು ಸೇರಿಸಬಹುದು. ಔಷಧ ಸಂಶೋಧನೆಯ ಕೇಂದ್ರವಾದರೆ, ಈ ರಾಜ್ಯದ ಜನರನ್ನು ಕಾಡುವ ಯಾವ ಕಾಯಿಲೆಯ ಮೇಲೆ ಕೆಲಸ ನಡೆಯುತ್ತದೆ ಎಂಬುದನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ ಪ್ರಕಟಿಸಬೇಕು. ಅರ್ಧಕ್ಕೇ ಬಿಟ್ಟು ಹೊರಟರೆ, ಆವರೆಗಿನ ಅಣುಗಳನ್ನೂ ಮಾಹಿತಿಯನ್ನೂ ಕೆಲಸ ಮುಂದುವರಿಸಲು ಸಿದ್ಧವಿರುವ ಇಲ್ಲಿನ ಸಾರ್ವಜನಿಕ ಸಂಸ್ಥೆಗೆ ಒಪ್ಪಿಸಿ ಹೋಗಬೇಕು. ಹೆಬ್ಬಾಳದ ಆ ಒಂದು ಅಣು ಉಳಿದದ್ದು ಕಂಪೆನಿ ಅದನ್ನು ಬೇರೆಯವರ ಕೈಗೆ ದಾಟಿಸಿದ್ದರಿಂದ. ಅದು ಕಂಪೆನಿಯ ಇಚ್ಛೆಯಾಗಿತ್ತು. ಇನ್ನು ಮುಂದೆ ಅದು ಕರಾರಾಗಬೇಕು.